ಮಾಳಿಗೆ ಮೇಲೆ ಬಿಸಿಲಿದೆ, ಮನೆ ತುಂಬ ಕೈಗಳಿವೆ

ಇದು 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ ಬರೆದದ್ದು. ಲಾಕ್‌ಡೌನ್ ಮೇ 3ರ ತನಕ ಮುಂದಕ್ಕೆ ಹೋಗಿದೆ. ಶುರುವಾಗಿದ್ದು ಮಾರ್ಚ್ 25ಕ್ಕೆ, ಸರಿಯಾಗಿ ಯುಗಾದಿ ದಿನ. ಅವತ್ತು ಬೇವು ಕುಡಿದು ಮನೆಯೊಳಗೆ ಕೂತವರು ಇನ್ನೂ ಒಳಗೇ ಇದ್ದೇವೆ. ಹೊತ್ತು ಹೋಗುತ್ತಿಲ್ಲ ಅಂತ ಹೆಣ್ಣುಮಕ್ಕಳು ಫೋನಿನಲ್ಲಿ ಬೇಸರ ಮಾಡಿಕೊಳ್ಳುತ್ತಾರೆ. ನಮ್ಮ ವಿಜಯಪುರದ ಕಡೆ ಇದು ವರ್ಷದ ಸಾಮಾನು ಮಾಡಿಡುವ ಕಾಲ. 40 ಡಿಗ್ರಿ ಆಸುಪಾಸಿನ ಬಿಸಿಲು ಮಾಳಿಗೆ ಮೇಲೆ ಪುಕ್ಕಟೆ ಸಿಗುತ್ತಿದೆ. ಗಂಡಸರು, ಮಕ್ಕಳು ಎಲ್ಲರೂ ಮನೆಯಲ್ಲೇ ಇದ್ದಾರೆ. ಇವೆರಡೂ ಒಟ್ಟಿಗೆ ಯಾವ ವರ್ಷ ಸಿಕ್ಕಿತ್ತು ಹೇಳಿ?

ಬೇರೆ ವರ್ಷ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ಶಾವಿಗೆ, ಹಪ್ಪಳ ಮಾಡುತ್ತಿದ್ದೆವು. ಇವತ್ತು ನಮ್ಮನೆ, ನಾಳೆ ನಿಮ್ಮನೆ. ಈ ವರ್ಷ ಅದು ಬೇಡ. ಪಕ್ಕದ ಮನೆಯವರನ್ನೂ ಕರೆಯಬೇಡಿ, ನೀವೂ ಹೋಗಬೇಡಿ. ಮನೆಯಲ್ಲಿ ಇದ್ದವರಿಂದಲೇ ಕೆಲಸ ತೆಗೆಯಬೇಕು. ಆದರೆ ಒಂದು ಮಾತು ಮೊದಲೇ ಹೇಳುತ್ತೇನೆ. ಎಲ್ಲರೂ ಮನೆಯಲ್ಲಿ ಕೂತರೆ ಅಡುಗೆಮನೆಯ ಒಲೆ ಆರುವುದೇ ಇಲ್ಲ. ಗಂಟೆಗೊಮ್ಮೆ ಚಹಾ, ನಡುವೆ ಚುರುಮುರಿ, ರಾಶಿ ಪಾತ್ರೆ. ಅದರ ಮೇಲೆ ಈ ಕೆಲಸವನ್ನೂ ಸೊಸೆಯ ತಲೆಗೆ ಕಟ್ಟಿದರೆ ಅನ್ಯಾಯ. ಉಂಡ ತಾಟು ಅವರವರೇ ತೊಳೆಯಲಿ, ಮಾವನವರೂ ಸೇರಿ. ದಿನಕ್ಕೆ ಒಂದೇ ಹೆಚ್ಚಿನ ಕೆಲಸ ಇಟ್ಟುಕೊಳ್ಳಿ, ಸಾಕು.

ಮೊದಲು ಕುರುಡಿಗೆ, ಅಂದರೆ ಗೋಧಿ ಹಾಲಿನ ಸಂಡಿಗೆ ಮಾಡಿ. ಎರಡು ಕಿಲೋ ಗೋಧಿಯನ್ನು ಮೂರು ದಿನ ನೆನೆಹಾಕಬೇಕು. ದಿನಾ ಬೆಳಿಗ್ಗೆ ನೀರು ಬದಲಿಸಲೇಬೇಕು, ಇಲ್ಲದಿದ್ದರೆ ವಾಸನೆ ಕೂರುತ್ತದೆ. ನಾಲ್ಕನೇ ದಿನ ರುಬ್ಬಿ, ಹಿಂಡಿ, ಬಟ್ಟೆಯಲ್ಲಿ ಸೋಸಿ ಹಾಲು ತೆಗೆಯಿರಿ. ರಾತ್ರಿಯಿಡೀ ಅಲುಗಾಡಿಸದೆ ಬಿಟ್ಟರೆ ಹಿಟ್ಟು ಕೆಳಗೆ ಕೂರುತ್ತದೆ. ಮೇಲಿನ ನೀರು ಮೆಲ್ಲಗೆ ಚೆಲ್ಲಿ. ಒಂದು ಪಾತ್ರೆ ಹಿಟ್ಟಿಗೆ ಒಂದು ಪಾತ್ರೆ ನೀರು ಕುದಿಯಲು ಇಟ್ಟು, ಉಪ್ಪು, ಜೀರಿಗೆ ಹಾಕಿ. ಹಿಟ್ಟನ್ನು ಸಣ್ಣಗೆ ಸುರಿಯುತ್ತಾ ಕೈ ಬಿಡದೆ ತಿರುವಬೇಕು. ಗಂಟಾಗುವುದು ಇಲ್ಲಿಯೇ. ತಿರುವಲು ರಟ್ಟೆಯಲ್ಲಿ ಶಕ್ತಿ ಬೇಕು, ಆ ಕೆಲಸ ಮಗನಿಗೆ ಕೊಡಿ. ಹಿಟ್ಟು ಹೊಳಪು ಬಂದು, ಒದ್ದೆ ಬೆರಳಿಗೆ ಅಂಟದೆ ಇದ್ದರೆ ಬೆಂದಿದೆ ಅಂತ ಅರ್ಥ. ಬಿಸಿ ಇರುವಾಗಲೇ ಶಾವಿಗೆ ಒತ್ತುವ ಒರಳಿಗೆ ತುಂಬಿ ಒತ್ತಿ. ಆರಿದರೆ ಒತ್ತಲು ಬರುವುದಿಲ್ಲ. ಒತ್ತುವ ಮೊದಲು ಒಂದೊಂದು ಬಟ್ಟಲು ಬಿಸಿ ಹಿಟ್ಟಿಗೆ ಎಣ್ಣೆ ಬಿಟ್ಟು ಮಕ್ಕಳಿಗೆ ಕೊಡಿ. ಆಮೇಲೆ ಕಾಗೆ ಕಾಯಲು ಅವರೇ ಮಾಳಿಗೆ ಹತ್ತುತ್ತಾರೆ. ಈಗಿನ ಬಿಸಿಲಿಗೆ ಎರಡು ಮೂರು ದಿನದಲ್ಲಿ ಕಟಕಟ ಒಣಗುತ್ತವೆ. ಮುರಿದರೆ ಟಕ್ಕನೆ ಸಪ್ಪಳ ಬರಬೇಕು. ಬರದಿದ್ದರೆ ಇನ್ನೊಂದು ದಿನ ಬಿಸಿಲು ಬೇಕು.

ಬೆಳಿಗ್ಗೆ ಹತ್ತರೊಳಗೆ ಮಾಳಿಗೆ ಕೆಲಸ ಮುಗಿಸಿ ಕೆಳಗೆ ಬನ್ನಿ. ಬಿಸಿಲು ಸಂಡಿಗೆಗೆ ಒಳ್ಳೆಯದು, ನಮಗಲ್ಲ.

ದ್ರಾಕ್ಷಿ ಬೆಳೆದವರ ಕಷ್ಟ ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ನಮ್ಮ ಜಿಲ್ಲೆಯ ತಿಕೋಟಾ ಕಡೆಯ ತೋಟಗಳಲ್ಲಿ ಹಣ್ಣು ಕೊಯ್ಲಿಗೆ ಬಂದ ಹೊತ್ತಿಗೇ ಸಾಗಾಟ ನಿಂತಿತು. ನಿಮ್ಮ ಓಣಿಗೆ ಗಾಡಿ ಬಂದರೆ ಚೌಕಾಸಿ ಮಾಡಬೇಡಿ, ಎರಡು ಕಿಲೋ ಜಾಸ್ತಿಯೇ ತಗೊಳ್ಳಿ. ತಿಂದು ಉಳಿದದ್ದನ್ನು ಒಣದ್ರಾಕ್ಷಿ ಮಾಡಿ. ಬೀಜವಿಲ್ಲದ, ಚೆನ್ನಾಗಿ ಹಣ್ಣಾದ ದ್ರಾಕ್ಷಿ ಬೇಕು. ಹುಳಿ ಇದ್ದರೆ ಒಣಗಿದ ಮೇಲೂ ಹುಳಿಯೇ. ಉಪ್ಪುನೀರಿನಲ್ಲಿ ತೊಳೆದು, ಬಿಡಿಸಿ, ಕುದಿಯುವ ನೀರಿಗೆ ಹಾಕಿ. ಸಿಪ್ಪೆ ಸಣ್ಣಗೆ ಬಿರಿದ ಕೂಡಲೇ ತೆಗೆದುಬಿಡಿ. ಹಣ್ಣಿನ ಮೇಲೆ ಮೇಣದಂಥ ಪದರ ಇರುತ್ತದೆ. ಅದು ಹೋಗದೆ ಒಳಗಿನ ನೀರು ಬೇಗ ಆರುವುದಿಲ್ಲ. ಬಟ್ಟೆಯ ಮೇಲೆ ಹರವಿ, ಮೇಲೊಂದು ತೆಳುವಾದ ಧೋತರ ಮುಚ್ಚಿ. ನಾಲ್ಕು ಕಿಲೋ ಹಣ್ಣಿಗೆ ಸುಮಾರು ಒಂದು ಕಿಲೋ ಸಿಗುತ್ತದೆ. ಅಂಗಡಿಯದರ ಹಾಗೆ ಹಸಿರು ಹಳದಿ ಬಣ್ಣ ಬರಲಿಲ್ಲ ಅಂತ ಪೇಚಾಡಬೇಡಿ. ಅವರು ಔಷಧಿ, ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ನೆರಳಲ್ಲಿ ಒಣಗಿಸುತ್ತಾರೆ. ಬಿಸಿಲಲ್ಲಿ ಒಣಗಿದ್ದು ಕಂದು ಬಣ್ಣವೇ ಆಗುತ್ತದೆ, ರುಚಿಗೇನೂ ಕಡಿಮೆ ಇಲ್ಲ.

ಜೋಳ, ಗೋಧಿಯನ್ನೂ ಈಗಲೇ ಬಿಸಿಲಿಗೆ ಹಾಕಿ. ತುಂಬ ಜನ ಬಿಸಿಲಿನಿಂದ ತೆಗೆದದ್ದೇ ಡಬ್ಬಕ್ಕೆ ಸುರಿಯುತ್ತಾರೆ. ಬಿಸಿ ಕಾಳು ಮುಚ್ಚಿದರೆ ಒಳಗೆ ಬೆವರುತ್ತದೆ, ಬೂಸು ಹಿಡಿಯುತ್ತದೆ. ನೆರಳಲ್ಲಿ ಪೂರ್ತಿ ಆರಿಸಿ, ಆಮೇಲೆ ತುಂಬಿ. ಬೇವಿನ ಎಲೆ ಹಾಕುವುದಾದರೆ ಒಣಗಿದ ಎಲೆಯೇ ಹಾಕಿ, ಹಸಿ ಎಲೆ ಬೇಡ. ತೊಗರಿ ಬೇಳೆಗೆ ಕಿಲೋಗೆ ಒಂದು ಸಣ್ಣ ಚಮಚ ಔಡಲ ಎಣ್ಣೆ (ಹರಳೆಣ್ಣೆ) ಸವರಿದರೆ ಹುಳ ಸುಳಿಯುವುದಿಲ್ಲ.

ಮಧ್ಯಾಹ್ನ ಹೊರಗೆ ಕಾಲಿಡಲು ಆಗದ ಹೊತ್ತಿನಲ್ಲಿ ಕೌದಿ, ಅಂದರೆ ಹಳೆ ಬಟ್ಟೆಯ ಹೊದಿಕೆ ಹೊಲಿಯಲು ಹಿಡಿಯಿರಿ. ನನಗೆ ಇದಕ್ಕಿಂತ ಪ್ರೀತಿಯ ಕೆಲಸ ಇಲ್ಲ. ಟ್ರಂಕಿನ ಹಳೆ ಸೀರೆ, ಧೋತರ, ಮಕ್ಕಳ ಅಂಗಿ ಎಲ್ಲ ಹೊರಗೆ ಬರಲಿ. ಎಲ್ಲವನ್ನೂ ಮೊದಲೇ ಒಗೆದು ಒಣಗಿಸಿ. ಹೊಸ ಬಟ್ಟೆ ಸೇರಿಸಿದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಸುತ್ತಲಿನ ಹೊಲಿಗೆ ಎಳೆಯುತ್ತದೆ. ಮೈಗೆ ತಾಗುವ ಕಡೆ ಹತ್ತಿ ಸೀರೆಯೇ ಇರಲಿ. ಪಾಲಿಸ್ಟರ್ ಜಾರುತ್ತದೆ, ಮೈ ಬೆವರುತ್ತದೆ. ಐದೂವರೆ ಮೀಟರ್ ಸೀರೆಯನ್ನು ನಡುವೆ ಕತ್ತರಿಸಿ ಎರಡು ಪಾಲು ಜೋಡಿಸಿದರೆ ಇಬ್ಬರು ಹೊದೆಯುವಷ್ಟು ಅಗಲ ಸಿಗುತ್ತದೆ. ಅದರ ಮೇಲೆ ತುಣುಕು ಹರವಿ, ದೊಡ್ಡ ಟಾಕು ಹಾಕಿ ಹಿಡಿದಿಡಿ. ಹೊಲಿಗೆ ಅಂಚಿನ ಒಂದು ಮೂಲೆಯಿಂದ ಶುರುವಾಗಿ ಸುತ್ತು ಸುತ್ತಾಗಿ ಒಳಗೆ ಬರಬೇಕು. ಪ್ರತಿ ಸುತ್ತಿಗೂ ಬಟ್ಟೆಯನ್ನು ಅಂಗೈಯಿಂದ ಒಳಮುಖವಾಗಿ ಸವರಿ, ಸುಕ್ಕು ಕೂರುವುದಿಲ್ಲ. ಇಬ್ಬರು ಎದುರುಬದುರು ಕೂತು ಹೊಲಿದರೆ ಬೇಗ ಆಗುತ್ತದೆ. ಗಂಡುಮಕ್ಕಳಿಗೂ ಸೂಜಿ ಕೊಡಿ, ನಾಳೆ ತಮ್ಮ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ.

ಹೊಲಿಯುವಾಗ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೀಸುವ ಪದ, ಕುಟ್ಟುವ ಪದ ನೆನಪಿದ್ದವರು ಓಣಿಗೆ ಒಬ್ಬರೂ ಉಳಿಯುತ್ತಿಲ್ಲ. ಮೊಮ್ಮಕ್ಕಳ ಕೈಯಲ್ಲಿ ಹೇಗೂ ಮೊಬೈಲ್ ಇದೆ, ರೆಕಾರ್ಡ್ ಮಾಡಲಿ. ಯಾವ ಊರಿನಲ್ಲಿ ಕಲಿತದ್ದು, ಯಾರಿಂದ ಕಲಿತದ್ದು ಅಂತ ಅದರಲ್ಲೇ ಹೇಳಿಸಿ. ಹಾಡು ಬರುವುದಿಲ್ಲ ಅಂದರೆ ಮನೆತನದ ಹೆಸರುಗಳು, ಹೊಲ ಯಾವಾಗ ಬಂತು, ಬಾವಿ ಯಾರು ತೋಡಿಸಿದ್ದು ಅಂತ ಕೇಳಿ.

ಹೊಲದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಒಂದು ಸಂಜೆ ಕಾಗದ ಪತ್ರ ಹೊಂದಿಸಿ. ಉತಾರ (ಹೊಲದ ಪಹಣಿ), ರೇಶನ್ ಕಾರ್ಡ್, ಆಧಾರ್, ಪಾಸ್‌ಬುಕ್, ವಿಮೆ, ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲ ಒಂದೇ ಫೈಲಿನಲ್ಲಿ ಇರಲಿ. ಹಿರಿಯರ ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ಚೀಟಿಯೂ ಅದರಲ್ಲೇ. ಗುಳಿಗೆ ಎಷ್ಟು ದಿನಕ್ಕೆ ಉಳಿದಿವೆ ನೋಡಿ, ಒಂದು ವಾರ ಮೊದಲೇ ತರಿಸಿ. ಫೈಲು ಎಲ್ಲಿದೆ ಅಂತ ಯಜಮಾನರಿಗೆ ಮಾತ್ರ ಗೊತ್ತಿದ್ದರೆ ಸಾಲದು. ಮನೆಯ ಹೆಣ್ಣುಮಕ್ಕಳಿಗೂ ತೋರಿಸಿ, ಒಂದೊಂದು ಕಾಗದ ಯಾತಕ್ಕೆ ಬೇಕು ಅಂತ ಕೂರಿಸಿ ಓದಿ ಹೇಳಿ.