ಹೊಸ ಕಾಂಪ್ಯಾಕ್ಟ್ ಪಿಸ್ತೂಲನ್ನು ಪಳಗಿಸಿದ ಬಗೆ: ಮೊದಲ 300 ಗುಂಡು

ಪಿಸ್ತೂಲನ್ನು ಪಳಗಿಸುವುದೆಂದರೆ ಗುಂಡು ಹಾರಿಸಿ ಹಾರಿಸಿ ಲೋಹವನ್ನು ನುಣುಪು ಮಾಡುವುದು ಎಂದು ಹಲವರ ಲೆಕ್ಕ. ಅದು ಕಾಲು ಪಾಲು ನಿಜ. ಉಳಿದ ಮುಕ್ಕಾಲು ಪಾಲು ಪರೀಕ್ಷೆ. ಈ ಪಿಸ್ತೂಲು, ಈ ಮ್ಯಾಗಜೀನುಗಳು, ಈ ತೋಟಾ, ಈ ಕೈ, ನಾಲ್ಕೂ ಸೇರಿದಾಗ ತಡವರಿಸದೆ ಕೆಲಸ ನಡೆಯುತ್ತದೆಯೇ ಎಂಬುದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಮೊದಲೇ ತಿಳಿದುಕೊಳ್ಳಬೇಕು. ಹಾಗಾಗಿ ನನ್ನ ಮಟ್ಟಿಗೆ ಎಣ್ಣೆ ಡಬ್ಬಿಯಷ್ಟೇ ಮುಖ್ಯವಾದ ಸಾಮಾನು ಒಂದು ನೋಟ್‌ಬುಕ್ಕು.

ಇಲ್ಲಿ ಹೇಳುವುದು 9×19 ಮಿ.ಮೀ. ಸ್ಟ್ರೈಕರ್ (ಸ್ಪ್ರಿಂಗಿನ ಬಲದಲ್ಲಿ ಮುನ್ನುಗ್ಗಿ ತೋಟಾದ ಬುಡಕ್ಕೆ ಪೆಟ್ಟು ಕೊಡುವ ಸೂಜಿ) ಮಾದರಿಯ, ಪಾಲಿಮರ್ ಫ್ರೇಮಿನ, ಸುಮಾರು 4 ಇಂಚು ನಳಿಗೆಯ ಪಿಸ್ತೂಲಿನ ಬಗ್ಗೆ. ಜೊತೆಗೆ 15 ತೋಟಾ ಹಿಡಿಯುವ ಮೂರು ಮ್ಯಾಗಜೀನು. ಇದಕ್ಕಿಂತ ಚಿಕ್ಕದಾದಷ್ಟೂ ಪಿಸ್ತೂಲು ಹಟಮಾರಿಯಾಗುತ್ತದೆ. ಸ್ಲೈಡು, ಅಂದರೆ ಪ್ರತಿ ಗುಂಡಿಗೂ ಹಿಂದೆ ಮುಂದೆ ಓಡುವ ಮೇಲಿನ ಲೋಹದ ಭಾಗ, ಹಗುರ, ಅದು ಹಿಂದೆ ಸರಿಯುವ ದೂರ ಕಡಿಮೆ, ಸ್ಪ್ರಿಂಗು ಬಿಗಿ. ಸ್ಲೈಡು ವೇಗವಾಗಿ ಹೋಗಿ ಬರುವುದರಿಂದ ಮ್ಯಾಗಜೀನಿಗೆ ಮುಂದಿನ ತೋಟಾವನ್ನು ಮೇಲೆತ್ತಲು ಸಿಗುವ ಕಾಲವೂ ಕಿರಿದಾಗುತ್ತದೆ. ದೊಡ್ಡ ಪಿಸ್ತೂಲು ಸಹಿಸಿಕೊಳ್ಳುವ ಸಣ್ಣ ತಪ್ಪುಗಳನ್ನು ಚಿಕ್ಕದು ಸಹಿಸುವುದಿಲ್ಲ. ಕಾರ್ (Kahr) ಎಂಬ ಪಿಸ್ತೂಲು ಕಂಪನಿ ತನ್ನ ಪಿಸ್ತೂಲುಗಳ ಕೈಪಿಡಿಯಲ್ಲೇ, 200 ಗುಂಡು ಹಾರಿಸುವ ತನಕ ಅದನ್ನು ನೆಚ್ಚಿಕೊಳ್ಳಬೇಡಿ ಎಂದು ಬರೆಯುತ್ತದೆ. ಬೇರೆಯವರು ಬರೆಯದಿದ್ದರೂ ನಾನು ಎಲ್ಲಕ್ಕೂ ಅದೇ ನಿಯಮ ಹಿಡಿಯುತ್ತೇನೆ, ಮೇಲೆ ಇನ್ನೊಂದು 100 ಸೇರಿಸಿ.

ಪೆಟ್ಟಿಗೆಯಿಂದ ತೆಗೆದ ಕೂಡಲೇ ಮೊದಲು ಮ್ಯಾಗಜೀನು ಹೊರಕ್ಕೆ. ಆಮೇಲೆ ಸ್ಲೈಡನ್ನು ಹಿಂದಕ್ಕೆಳೆದು ಲಾಕ್ ಮಾಡಿ, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಖಾಲಿಯೇ ಎಂದು ಕಣ್ಣಲ್ಲೊಮ್ಮೆ ನೋಡಿ, ಕಿರುಬೆರಳು ತೂರಿಸಿ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳುತ್ತೇನೆ. ಕೆಲವು ಪಿಸ್ತೂಲುಗಳನ್ನು ಬಿಚ್ಚಲು ಟ್ರಿಗರ್ ಒತ್ತಲೇಬೇಕು. ಅಲ್ಲಿ ಈ ಖಾತ್ರಿ ತಪ್ಪಿದರೆ ಗೋಡೆಯೋ ಅಂಗೈಯೋ ತೂತಾಗುತ್ತದೆ. ಮೇಜಿನ ಮೇಲೆ, ಸಾಧ್ಯವಾದರೆ ಆ ಕೋಣೆಯಲ್ಲೇ, ಜೀವಂತ ತೋಟಾ ಇರಬಾರದು.

ಕಾರ್ಖಾನೆಯಿಂದ ಬರುವಾಗ ಲೋಹಕ್ಕೆ ಸವರಿರುವುದು ಹಲವು ಸಲ ತುಕ್ಕು ತಡೆಯುವ ಎಣ್ಣೆ, ಜಾರಿಸುವ ಎಣ್ಣೆಯಲ್ಲ. ಅಂಟಂಟಾಗಿರುತ್ತದೆ, ಮಸಿಯನ್ನು ಹಿಡಿದುಕೊಳ್ಳುತ್ತದೆ. ಅದನ್ನು ಒರೆಸಿ ತೆಗೆಯಬೇಕು. ಗ್ಲಾಕ್ ಕಂಪನಿಯ ಪಿಸ್ತೂಲು ಮಾತ್ರ ಅಪವಾದ. ಅದರ ಸ್ಲೈಡಿನೊಳಗೆ ಕಾಣುವ ತಾಮ್ರದ ಬಣ್ಣದ ಗ್ರೀಸನ್ನು ಹಾಗೇ ಬಿಡಿ ಎಂದು ಕಂಪನಿಯೇ ಹೇಳುತ್ತದೆ. ನಳಿಗೆಯೊಳಗೆ ಒಣ ಬಟ್ಟೆಯ ತುಂಡನ್ನು ಎರಡು ಮೂರು ಸಲ ಹಾಯಿಸಿ ಬೆಳಕಿಗೆ ಹಿಡಿಯುತ್ತೇನೆ. ಎಕ್ಸ್‌ಟ್ರ್ಯಾಕ್ಟರಿನ (ಸಿಡಿದ ತೋಟಾದ ಖಾಲಿ ಹಿತ್ತಾಳೆ ಕೇಸನ್ನು ಚೇಂಬರಿನಿಂದ ಎಳೆಯುವ ಭಾಗ) ಕೊಕ್ಕೆಯಡಿ ಲೋಹದ ಸಿಬಿರು ಇದೆಯೇ, ಅದನ್ನು ಬೆರಳಿನಿಂದ ಒತ್ತಿದರೆ ಸ್ಪ್ರಿಂಗು ಹಿಂದಕ್ಕೆ ತಳ್ಳುತ್ತದೆಯೇ, ಆ ಕೇಸನ್ನು ಹೊರಕ್ಕೆ ಚಿಮ್ಮಿಸುವ ಇಜೆಕ್ಟರ್ ಬಾಗಿದೆಯೇ ಎಂದು ನೋಡುವುದು ಎರಡು ನಿಮಿಷದ ಕೆಲಸ.

ಎಣ್ಣೆ ಒಟ್ಟು ಏಳೇ ಹನಿ: ಸ್ಲೈಡು ಜಾರುವ ನಾಲ್ಕು ರೈಲುಗಳಿಗೆ ಒಂದೊಂದು, ನಳಿಗೆಯ ಮೂತಿಯ ಸುತ್ತ ಸವರಲು ಒಂದು, ಚೇಂಬರಿನ ಮೇಲುಭಾಗ ಸ್ಲೈಡಿಗೆ ಉಜ್ಜುವ ಕಡೆ ಒಂದು, ಟ್ರಿಗರ್ ಬಾರ್ (ಟ್ರಿಗರಿನ ಎಳೆತವನ್ನು ಹಿಂದಕ್ಕೆ ಒಯ್ಯುವ ಪಟ್ಟಿ) ಕನೆಕ್ಟರಿಗೆ (ಆ ಪಟ್ಟಿಯನ್ನು ಕೆಳಗಿಳಿಸಿ ಸ್ಟ್ರೈಕರನ್ನು ಬಿಡಿಸುವ ತುಂಡು) ತಾಗುವ ಮೂಲೆಗೆ ಒಂದು. ಎಲ್ಲಿ ಹಾಕಬಾರದು ಎಂಬುದು ಇದಕ್ಕಿಂತ ದೊಡ್ಡ ವಿಚಾರ. ಸ್ಟ್ರೈಕರ್ ಓಡಾಡುವ ಕೊಳವೆಗೆ ಎಣ್ಣೆ ಹೋದರೆ ಮಸಿ, ಹಿತ್ತಾಳೆ ಪುಡಿ ಸೇರಿ ಕೆಸರಾಗುತ್ತದೆ, ಸ್ಟ್ರೈಕರ್ ನಿಧಾನವಾಗುತ್ತದೆ, ಪ್ರೈಮರಿನ (ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಬಟ್ಟಲು) ಮೇಲೆ ಪೆಟ್ಟು ಮೆತ್ತಗೆ ಬೀಳುತ್ತದೆ. ಚೇಂಬರಿನೊಳಗೆ ಎಣ್ಣೆ ಇದ್ದರೆ ಸಿಡಿದ ಕೇಸು ಗೋಡೆಯನ್ನು ಹಿಡಿದು ನಿಲ್ಲದೆ ಪೂರ್ತಿ ಒತ್ತಡವನ್ನು ಸ್ಲೈಡಿನ ಮುಖಕ್ಕೆ ದಾಟಿಸುತ್ತದೆ. ಮ್ಯಾಗಜೀನಿನ ಒಳಗಂತೂ ಒಂದು ಹನಿಯೂ ಬೇಡ, ಎಣ್ಣೆ ದೂಳನ್ನು ಕರೆತರುತ್ತದೆ.

ನಳಿಗೆ ಹೊರಗಿರುವಾಗಲೇ ಇನ್ನೊಂದು ಪರೀಕ್ಷೆ ಮುಗಿಸುತ್ತೇನೆ. ಶೂಟಿಂಗ್ ರೇಂಜಿನ ಮೇಜಿನ ಮೇಲೆ, ಪಿಸ್ತೂಲಿಗೆ ಜೋಡಿಸದ ಬರಿಯ ನಳಿಗೆಗೆ, ಮುಂದೆ ಒಯ್ಯಬೇಕೆಂದಿರುವ ತೋಟಾವನ್ನು ಬಿಡಬೇಕು. ಟಣ್ ಎಂದು ಬಿದ್ದು ಕೂರಬೇಕು, ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಬೋರಲು ಹಾಕಿದರೆ ತನ್ನ ಭಾರಕ್ಕೆ ತಾನೇ ಜಾರಿ ಬೀಳಬೇಕು. ಸಿಕ್ಕಿಕೊಂಡರೆ ಆ ತೋಟಾ ಆ ನಳಿಗೆಗೆ ಸಲ್ಲದು. 9 ಮಿ.ಮೀ. ತೋಟಾದ ಗರಿಷ್ಠ ಉದ್ದ 29.69 ಮಿ.ಮೀ. ಆದರೂ ಗುಂಡಿನ ಮೂತಿಯ ಆಕಾರದಿಂದಾಗಿ ಅದಕ್ಕಿಂತ ಗಿಡ್ಡನೆಯದೂ ಕೆಲವು ನಳಿಗೆಗಳಲ್ಲಿ ತಡೆಯುವುದುಂಟು.

ಜೋಡಿಸಿದ ಮೇಲೆ ಖಾಲಿ ಪಿಸ್ತೂಲಿನಲ್ಲಿ ಟ್ರಿಗರ್ ಒತ್ತಿ ಹಿಡಿದು, ಸ್ಲೈಡು ಎಳೆದು ಬಿಟ್ಟು, ಟ್ರಿಗರನ್ನು ಮೆಲ್ಲಗೆ ಸಡಿಲಿಸಿದರೆ ಕ್ಲಿಕ್ ಎಂದು ರೀಸೆಟ್ ಆಗಬೇಕು, ಅಂದರೆ ಮುಂದಿನ ಗುಂಡಿಗೆ ಸಜ್ಜಾಗಬೇಕು. ಮೂರೂ ಖಾಲಿ ಮ್ಯಾಗಜೀನುಗಳು ಸ್ಲೈಡನ್ನು ಹಿಂದಕ್ಕೆ ನಿಲ್ಲಿಸಬೇಕು, ಗುಂಡಿ ಒತ್ತಿದರೆ ತಾವಾಗಿ ಕೆಳಗೆ ಬೀಳಬೇಕು. ಮ್ಯಾಗಜೀನುಗಳ ತಳಕ್ಕೆ ಬಣ್ಣದ ಪೆನ್ನಿನಿಂದ 1, 2, 3 ಎಂದು ಬರೆಯುತ್ತೇನೆ. ಈ ಮೂರು ಅಂಕಿ ಬರೆಯದವರು ಆಮೇಲೆ ಇಡೀ ಪಿಸ್ತೂಲನ್ನೇ ಬೈಯುತ್ತಾ ಕೂರುತ್ತಾರೆ. ಹೊಸ ಮ್ಯಾಗಜೀನಿನ ಸ್ಪ್ರಿಂಗು ಎಷ್ಟು ಗಟ್ಟಿಯೆಂದರೆ ಕೊನೆಯ ಎರಡು ತೋಟಾ ಹೆಬ್ಬೆರಳಿಗೆ ಬಗ್ಗುವುದೇ ಇಲ್ಲ. ಪೂರ್ತಿ ತುಂಬಿ ಮೂರು ನಾಲ್ಕು ದಿನ ಬೀಗದೊಳಗೆ ಇಟ್ಟರೆ ಹದಕ್ಕೆ ಬರುತ್ತದೆ. ತುಂಬಿಟ್ಟರೆ ಸ್ಪ್ರಿಂಗು ಸತ್ತುಹೋಗುತ್ತದೆ ಎಂಬ ಭಯ ಬೇಡ. ಸ್ಪ್ರಿಂಗನ್ನು ಹೆಚ್ಚು ಸವೆಸುವುದು ಮತ್ತೆ ಮತ್ತೆ ತುಂಬಿ ಖಾಲಿ ಮಾಡುವುದು.

ಮೊದಲ 100 ಗುಂಡು 124 ಗ್ರೇನ್, ಅಂದರೆ ಸುಮಾರು 8 ಗ್ರಾಂ ತೂಕದ, ಪೂರ್ತಿ ಲೋಹಕವಚದ ಕಾರ್ಖಾನೆ ತೋಟಾ. 115 ಗ್ರೇನಿನ ಮೆತ್ತಗಿನ ಅಭ್ಯಾಸದ ತೋಟಾದಿಂದ ಶುರುಮಾಡುವವರೇ ಹೆಚ್ಚು, ಹೊಸ ಬಿಗಿ ಸ್ಪ್ರಿಂಗಿನೆದುರು ಅದು ಸೋಲುವುದೂ ಹೆಚ್ಚು. ಸ್ಲೈಡು ಪೂರ್ತಿ ಹಿಂದೆ ಹೋಗದಿದ್ದರೆ ಖಾಲಿ ಕೇಸು ತಾನು ಹೊರಬೀಳಬೇಕಾದ ಕಿಟಕಿಯಲ್ಲಿ ಚಿಮಣಿಯಂತೆ ನೆಟ್ಟಗೆ ನಿಲ್ಲುತ್ತದೆ. +ಪಿ, ಅಂದರೆ ಹೆಚ್ಚು ಒತ್ತಡದ, ತೋಟಾವನ್ನು ಆರಂಭಕ್ಕೆ ಹಾಕುವುದೂ ಬೇಡ. ಸಾಮಾನ್ಯ ತೋಟಾದ ಒತ್ತಡದ ಮಿತಿ 35,000 ಪಿ.ಎಸ್.ಐ. (ಚದರ ಇಂಚಿಗೆ ಪೌಂಡು), +ಪಿಯದು 38,500. ಪಳಗಿಸಲು ಇಷ್ಟು ಗುದ್ದು ಅಗತ್ಯವಿಲ್ಲ.

ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇರಲೇಬೇಕು. ಮೊದಲ ಸಲ ಒಂದೇ ತೋಟಾ, ಆಮೇಲೆ ಎರಡು, ಆಮೇಲೆ ಐದು. ಎರಡು ತೋಟಾದ ಹಂತ ಸುಮ್ಮನೆ ಇಟ್ಟದ್ದಲ್ಲ. ಟ್ರಿಗರ್ ಒಂದು ಸಲ ಒತ್ತಿದರೆ ಎರಡು ಗುಂಡು ಹಾರುವ ದೋಷವಿದ್ದರೆ ಅದು ಇಲ್ಲಿ ಎರಡಕ್ಕೇ ಮುಗಿಯುತ್ತದೆ. ಆಮೇಲೆ ಪೂರ್ತಿ ಮ್ಯಾಗಜೀನು. 25 ಗುಂಡಿಗೊಮ್ಮೆ ನಿಲ್ಲಿಸಿ, ಖಾಲಿ ಮಾಡಿ, ಹಾರಿದ ಕೇಸುಗಳನ್ನು ಆರಿಸಿ ನೋಡುತ್ತೇನೆ. ಪ್ರೈಮರಿನ ಕುಳಿ ನಡುವಿನಲ್ಲಿ, ಒಂದೇ ಆಳದಲ್ಲಿ ಇರಬೇಕು. ಕೇಸಿನ ಬುಡ ಉಬ್ಬಿರಬಾರದು. 100ಕ್ಕೊಮ್ಮೆ ರೈಲಿಗೆ ಒಂದೊಂದು ಹನಿ ಎಣ್ಣೆ. ಆದರೆ 200 ಮುಗಿಯುವ ತನಕ ತೊಳೆಯುವುದಿಲ್ಲ. ಒಂದು ಗುಂಡು, ಒಂದು ಸಲ ತೊಳೆ ಎಂಬ ವ್ರತ ರೈಫಲ್ ನಳಿಗೆಯವರದು, ಪಿಸ್ತೂಲಿಗೆ ಅದರಿಂದ ಏನೂ ಸಿಗುವುದಿಲ್ಲ. ಕೊಳೆಯಾದ ಪಿಸ್ತೂಲು ಹೇಗೆ ನಡೆಯುತ್ತದೆ ಎಂಬುದೇ ನಮಗೆ ಬೇಕಾದ ಸುದ್ದಿ.

ತಡೆ ಬಂದಾಗ ತಟ್ಟಿ, ಎಳೆದು, ಮುಂದೆ ಹೋಗುವುದು ಕಾದಾಟದ ಅಭ್ಯಾಸಕ್ಕೆ ಸರಿ. ಪಳಗಿಸುವಾಗ ಅದು ಸಾಕ್ಷಿ ನಾಶ. ಮೂತಿಯನ್ನು ಗುರಿಯತ್ತಲೇ ಇಟ್ಟು, ಬೆರಳನ್ನು ಟ್ರಿಗರಿನಿಂದ ಹೊರಗಿಟ್ಟು, ಸ್ಲೈಡು ಎಲ್ಲಿ ನಿಂತಿದೆ ಎಂದು ಮೊದಲು ನೋಡಬೇಕು. ಎಷ್ಟನೆಯ ಗುಂಡು, ಯಾವ ಮ್ಯಾಗಜೀನು, ಯಾವ ತೋಟಾ, ಏನಾಯಿತು ಎಂಬ ನಾಲ್ಕು ಮಾತು ನೋಟ್‌ಬುಕ್ಕಿಗೆ ಹೋಗಬೇಕು. ಕ್ಲಿಕ್ ಎಂದು ಬರಿ ಸದ್ದಾದರೆ 30 ಸೆಕೆಂಡು ಹಾಗೇ ಹಿಡಿದಿರಬೇಕು, ತಡವಾಗಿ ಸಿಡಿಯುವ ತೋಟಾಗಳಿವೆ. ಪುಸ್ ಎಂಬ ಸಪ್ಪೆ ಸದ್ದು ಬಂದರೆ ಮುಂದಿನದನ್ನು ಹಾರಿಸಲೇಬಾರದು. ಗುಂಡು ನಳಿಗೆಯಲ್ಲೇ ಉಳಿದಿರಬಹುದು. ಖಾಲಿ ಮಾಡಿ, ಬಿಚ್ಚಿ, ಆರಪಾರ ಬೆಳಕು ಕಂಡ ಮೇಲೆಯೇ ಮುಂದಿನ ಮಾತು.

ಹೊಸ ಪಿಸ್ತೂಲಿನಲ್ಲಿ ಹೆಚ್ಚು ಕಾಣುವುದು ಸ್ಲೈಡು ಒಂದೆರಡು ಮಿ.ಮೀ. ಉಳಿಸಿಕೊಂಡು ನಿಲ್ಲುವುದು. ಹೆಬ್ಬೆರಳಿನಿಂದ ಹಿಂಬದಿಯನ್ನು ತಳ್ಳಿದರೆ ಮುಚ್ಚಿಕೊಳ್ಳುತ್ತದೆ. ರೈಲು, ಚೇಂಬರಿನ ಮೇಲುಭಾಗ, ಎಕ್ಸ್‌ಟ್ರ್ಯಾಕ್ಟರ್ ಇವುಗಳ ಒರಟುತನವೇ ಇದಕ್ಕೆ ಕಾರಣವಾದರೆ 100 ದಾಟುವಷ್ಟರಲ್ಲಿ ತಾನೇ ಹೋಗುತ್ತದೆ. ಹೋಗದಿದ್ದರೆ ಚೇಂಬರ್ ಬಿಗಿಯಿದೆ ಅಥವಾ ತೋಟಾ ದಪ್ಪಗಿದೆ. ಕೊನೆಯ ಗುಂಡಿನ ಮೇಲೆ ಸ್ಲೈಡು ಹಿಂದೆ ನಿಲ್ಲದಿದ್ದರೆ, ಹತ್ತರಲ್ಲಿ ಎಂಟು ಸಲ ತಪ್ಪು ಶೂಟರನ ಹೆಬ್ಬೆರಳಿನದೇ. ಎತ್ತರಕ್ಕೆ ಹಿಡಿದ ಬೆರಳು ಸ್ಲೈಡನ್ನು ಹಿಂದೆ ಹಿಡಿದಿಡುವ ಸ್ಲೈಡ್ ಸ್ಟಾಪಿನ ಮೇಲೆ ಕೂತಿರುತ್ತದೆ. ತೋಟಾ ಉಳಿದಿದ್ದರೂ ಸ್ಲೈಡು ಹಿಂದೆ ನಿಂತರೆ ಅದೇ ಬೆರಳು ಸ್ಟಾಪನ್ನು ಕೆಳಗಿನಿಂದ ಎತ್ತುತ್ತಿದೆ. ತೋಟಾದ ಮೂತಿ ಕೆಳಕ್ಕೆ ಕುಸಿದು, ಅದನ್ನು ಚೇಂಬರಿನ ಬಾಯಿಗೆ ಏರಿಸುವ ಇಳಿಜಾರಾದ ರ‍್ಯಾಂಪಿಗೆ ಹಾಯುತ್ತಿದ್ದರೆ ಮ್ಯಾಗಜೀನಿನ ಸ್ಪ್ರಿಂಗು ಅಥವಾ ತುಟಿಯ (ತೋಟಾವನ್ನು ಹಿಡಿದಿಡುವ ಮೇಲಂಚು) ಕಡೆ ನೋಡಬೇಕು. ಖಾಲಿ ಕೇಸು ಚೇಂಬರಿನಲ್ಲೇ ಉಳಿದು ಹಿಂದಿನಿಂದ ಇನ್ನೊಂದು ತೋಟಾ ಗುದ್ದಿಕೊಂಡರೆ ಎಕ್ಸ್‌ಟ್ರ್ಯಾಕ್ಟರಿನ ಕಡೆ. ಇದೊಂದು ಎರಡನೆಯ ಸಲ ಬಂದರೆ ನಾನು ಕಾಯುವುದಿಲ್ಲ, ಪಿಸ್ತೂಲು ರಿಪೇರಿಗೆ ಹೋಗುತ್ತದೆ. ತನ್ನಷ್ಟಕ್ಕೆ ವಾಸಿಯಾಗುವ ಜಾಡ್ಯ ಅದಲ್ಲ.

ಪತ್ತೆ ಹಚ್ಚುವ ಕ್ರಮ ಸರಳ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ತಡೆ 3ನೇ ಮ್ಯಾಗಜೀನಿನ ಬೆನ್ನು ಹತ್ತಿದರೆ ಅದು ಮ್ಯಾಗಜೀನಿನ ರೋಗ. ತೋಟಾದ ಬೆನ್ನು ಹತ್ತಿದರೆ ತೋಟಾದ್ದು. ಬೇರೆಯವರ ಕೈಯಲ್ಲಿ ಮಾಯವಾದರೆ, ಹೇಳಲು ಮುಜುಗರವಾದರೂ, ಹಿಡಿತದ್ದು. ಮಣಿಕಟ್ಟು ಸಡಿಲಬಿಟ್ಟರೆ ಫ್ರೇಮೂ ಸ್ಲೈಡಿನ ಜೊತೆ ಹಿಂದೆ ಹೋಗುತ್ತದೆ, ಸ್ಲೈಡಿಗೆ ಪೂರ್ತಿ ದೂರ ಸಿಗುವುದಿಲ್ಲ. ಹಾಗಾಗಿ ಎರಡನೆಯ 100ರಲ್ಲಿ ಬೇಕೆಂದೇ ಕಷ್ಟ ಕೊಡುತ್ತೇನೆ. ಬಲಗೈ ಒಂದರಲ್ಲೇ 20, ಎಡಗೈ ಒಂದರಲ್ಲೇ 20, ಉಳಿದದ್ದು 115 ಗ್ರೇನಿನ ಮೆತ್ತಗಿನ ತೋಟಾ.

ರ‍್ಯಾಂಪಿಗೆ ಮರಳುಕಾಗದ ಉಜ್ಜುವ, ಸ್ಪ್ರಿಂಗು ಕತ್ತರಿಸುವ ಹುಕಿ ಬರುವುದು ಸಾಮಾನ್ಯವಾಗಿ ಈ ಹಂತದಲ್ಲೇ. ರ‍್ಯಾಂಪಿನ ಕೋನ ಒಂದಿಷ್ಟು ಬದಲಾದರೂ ನಳಿಗೆ ಹೋಯಿತು ಎಂದೇ ಅರ್ಥ. ಕೈ ಕಟ್ಟಿಕೊಂಡು ಕೂತರೆ ಒಳ್ಳೆಯದು.

ಮೂರನೆಯ 100 ನಿಜವಾಗಿ ಒಯ್ಯುವ ಹಾಲೋ ಪಾಯಿಂಟ್ ತೋಟಾ. ಅದರ ಮೂತಿ ಅಗಲ, ತುದಿ ತೆರೆದ ಬಾಯಿ. ದುಂಡು ಮೂತಿ ಜಾರಿಹೋಗುವ ಕಡೆ ಇದು ಎಡವಬಹುದು. ಪ್ರತಿ ಮ್ಯಾಗಜೀನನ್ನೂ ತುಂಬಿ ಎರಡು ಸಲವಾದರೂ ಖಾಲಿ ಮಾಡಬೇಕು. ಅದರಲ್ಲಿ ಒಂದು ಸಲ ಚೇಂಬರಿನಲ್ಲಿ ಒಂದು, ಮ್ಯಾಗಜೀನು ಪೂರ್ತಿ, ಅಂದರೆ 15+1. ಸ್ಲೈಡು ಮುಚ್ಚಿರುವಾಗ ತುಂಬಿದ ಮ್ಯಾಗಜೀನು ಕಚ್ಚಿಕೊಳ್ಳಲು ಹಟ ಮಾಡುತ್ತದೆ. ಅಂಗೈಯಿಂದ ತಟ್ಟಿ, ಆಮೇಲೆ ಎಳೆದು ನೋಡಬೇಕು. 15 ಆಗದೆಂದರೆ 14 ಹಾಕುವುದರಲ್ಲಿ ಅವಮಾನವೇನಿಲ್ಲ. ಈ 100 ಒಂದೂ ತಡೆಯಿಲ್ಲದೆ ಮುಗಿಯಬೇಕು. 90ರಲ್ಲಿ ಕೈಕೊಟ್ಟರೆ ಕಾರಣ ಹುಡುಕಿ ಸರಿಪಡಿಸಿ ಮತ್ತೆ ಒಂದರಿಂದ ಎಣಿಕೆ.

ಗುರಿಯ ಹೊಂದಾಣಿಕೆಯೂ ಇದೇ ತೋಟಾದಿಂದ, ಕೈಗೆ ಚೀಲದ ಆಸರೆ ಕೊಟ್ಟು, 15 ಮೀಟರಿನಿಂದ. ಬಲಗೈಯವರ ಗುಂಡುಗಳೆಲ್ಲ ಎಡಕ್ಕೆ, ಕೆಳಕ್ಕೆ ಬಿದ್ದರೆ ಗುರಿ ಹಿಡಿಯುವ ಸೈಟನ್ನು ಮುಟ್ಟುವ ಮೊದಲು ಟ್ರಿಗರ್ ಬೆರಳನ್ನು ಅನುಮಾನಿಸಬೇಕು. ಸೈಟೇ ತಪ್ಪೆಂದು ಖಚಿತವಾದರೆ ಲೆಕ್ಕ ಹೀಗೆ: ತಪ್ಪಿದ ದೂರವನ್ನು ಎರಡು ಸೈಟುಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸಿ. 50 ಮಿ.ಮೀ. ತಪ್ಪು, 150 ಮಿ.ಮೀ. ಅಂತರ, 15,000 ಮಿ.ಮೀ. ದೂರ ಆದರೆ ಹಿಂದಿನ ಸೈಟು ಸರಿಯಬೇಕಾದದ್ದು ಅರ್ಧ ಮಿ.ಮೀ. ಗುಂಡು ಯಾವ ಕಡೆಗೆ ಹೋಗಬೇಕೋ ಆ ಕಡೆಗೇ.

300 ಮುಗಿದ ಮೇಲೆ ಬಿಚ್ಚಿ ತೊಳೆದು ಸವೆತ ಓದುತ್ತೇನೆ. ಚೇಂಬರಿನ ಮೇಲೆ, ನಳಿಗೆಯ ಮೂತಿಯ ಸುತ್ತ, ರೈಲಿನ ಮೇಲೆ ಹೊಳೆಯುವ ಗೆರೆಗಳು ಇರಲೇಬೇಕು. ಎರಡೂ ಬದಿಗೆ ಸಮನಾಗಿ, ಬೆರಳಿಗೆ ನುಣ್ಣಗೆ ಇದ್ದರೆ ಭಾಗಗಳು ಒಂದಕ್ಕೊಂದು ಕೂತಿವೆ. ಉಗುರಿಗೆ ತಡೆಯುವಂತೆ ಲೋಹ ಕಿತ್ತು ಬಂದಿದ್ದರೆ, ಒಂದೇ ಬದಿಗೆ ಉಜ್ಜಿದ್ದರೆ, ಫ್ರೇಮಿನಲ್ಲಿ ಬಿರುಕಿದ್ದರೆ ಅದು ಸವೆತವಲ್ಲ, ದೋಷ. ರೇಂಜಿನಿಂದ ಬಂದವರು ಊಟಕ್ಕೆ ಕೂರುವ ಮೊದಲು ಕೈಯನ್ನು ಸೋಪು, ತಣ್ಣೀರಿನಲ್ಲಿ ತೊಳೆಯಲಿ, ಪ್ರೈಮರಿನ ಸೀಸ ಚರ್ಮಕ್ಕೆ ಅಂಟಿರುತ್ತದೆ.

ಟ್ರಿಗರಿನ ಒರಟುತನ ಹೋಗುವುದು ಹೆಚ್ಚಾಗಿ ಡ್ರೈ ಫೈರಿನಿಂದ, ಅಂದರೆ ಜೀವಂತ ತೋಟಾ ಇಲ್ಲದೆ ಟ್ರಿಗರ್ ಒತ್ತುವುದರಿಂದ. ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ತೋಟಾ) ಹಾಕಿ ದಿನಕ್ಕೆ 50ರಂತೆ ಎರಡು ವಾರ ಮಾಡಿದರೆ ಕನೆಕ್ಟರಿನ ಅಂಚು ಹೊಳಪಾಗಿ ಎಳೆತದ ಗರಗರ ಕಡಿಮೆಯಾಗುತ್ತದೆ. ತೂಕ ಅಷ್ಟೇ ಇರುತ್ತದೆ, ಜಾರುವಿಕೆ ಬದಲಾಗುತ್ತದೆ.

ಹೋಲ್‌ಸ್ಟರನ್ನೂ (ಪಿಸ್ತೂಲು ಸಿಕ್ಕಿಸುವ ಒರೆ) ಖಾಲಿ ಪಿಸ್ತೂಲಿನಿಂದಲೇ ಪಳಗಿಸಬೇಕು. ಕೈಡೆಕ್ಸ್ (ಗಟ್ಟಿ ಪ್ಲಾಸ್ಟಿಕ್ಕು) ಆದರೆ ಟ್ರಿಗರ್ ಗಾರ್ಡು ಪೂರ್ತಿ ಮುಚ್ಚಬೇಕು, ತಲೆಕೆಳಗೆ ಹಿಡಿದು ಅಲುಗಿಸಿದರೆ ಪಿಸ್ತೂಲು ಬೀಳಬಾರದು, ಕೂತಾಗ ಬಾಗಿದಾಗ ಮ್ಯಾಗಜೀನಿನ ಗುಂಡಿ ಒತ್ತಿಕೊಳ್ಳಬಾರದು. ಒಂದು ವಾರ ಮನೆಯೊಳಗೆ ಖಾಲಿಯಾಗಿ ಧರಿಸಿದರೆ ಇದೆಲ್ಲ ಬಯಲಾಗುತ್ತದೆ. ಮರಳಿ ಸಿಕ್ಕಿಸುವಾಗ ಅಂಗಿಯ ಚುಂಗು, ಜಾಕೀಟಿನ ದಾರ ಟ್ರಿಗರಿಗೆ ಸಿಗದಂತೆ ಕಣ್ಣಿಟ್ಟು ನಿಧಾನವಾಗಿ ಇಳಿಸಬೇಕು. ಅಲ್ಲಿ ಅವಸರ ಮಾಡಿ ಗೆಲ್ಲುವುದು ಏನೂ ಇಲ್ಲ.

ಆಮೇಲಿನ ಪಾಲನೆ ಸಣ್ಣದು. ವಾರಕ್ಕೊಮ್ಮೆ ಬಟ್ಟೆಯ ಜುಂಗನ್ನು ಬ್ರಶ್ಶಿನಿಂದ ತೆಗೆಯುವುದು, ಬೆವರು ತಾಗಿದ ಸ್ಲೈಡನ್ನು ಎಣ್ಣೆಯ ಬಟ್ಟೆಯಲ್ಲಿ ಒರೆಸುವುದು. ಸ್ಲೈಡನ್ನು ಮರಳಿ ಮುಂದಕ್ಕೆ ತಳ್ಳುವ ಹಿಮ್ಮೆಟ್ಟು ಸ್ಪ್ರಿಂಗನ್ನು ಕೈಪಿಡಿ ಹೇಳಿದ ಗುಂಡಿನ ಲೆಕ್ಕಕ್ಕೆ ಬದಲಿಸುವುದು. ಚಿಕ್ಕ ಪಿಸ್ತೂಲಿನಲ್ಲಿ ಬದಲಿಸುವ ಸರದಿ ಬೇಗ ಬರುತ್ತದೆ. ಹೆಚ್ಚಿನವರು ಮರೆಯುವುದು ಚೇಂಬರಿಗೆ ಹೋಗಿ ಬರುವ ಆ ಒಂದು ತೋಟಾವನ್ನು. ಅದೇ ತೋಟಾವನ್ನು ದಿನವೂ ತೆಗೆದು ಹಾಕುತ್ತಿದ್ದರೆ ರ‍್ಯಾಂಪಿನ ಗುದ್ದಿಗೆ ಗುಂಡು ಕೇಸಿನೊಳಕ್ಕೆ ಕುಸಿಯುತ್ತದೆ, ಒಳಗಿನ ಜಾಗ ಕುಗ್ಗುತ್ತದೆ, ಹಾರಿಸಿದಾಗ ಒತ್ತಡ ಮಿತಿ ಮೀರಬಹುದು. ಎರಡು ಸಲ ಚೇಂಬರಿಗೆ ಹೋದದ್ದರ ಬುಡಕ್ಕೆ ಪೆನ್ನಿನಿಂದ ಗೆರೆ ಎಳೆದು ಬೇರೆ ಡಬ್ಬಿಗೆ ಹಾಕುತ್ತೇನೆ. ರೇಂಜಿಗೆ ಒಯ್ಯುವ ಮುನ್ನ ಹೊಸದೊಂದರ ಪಕ್ಕ ನಿಲ್ಲಿಸಿ ಎತ್ತರ ನೋಡಿದರೆ ಸಾಕು, ಗಿಡ್ಡಾದದ್ದು ಹಾರಿಸುವುದಕ್ಕೂ ಲಾಯಕ್ಕಲ್ಲ.