ಮೋಟರ್‌ಹೋಮ್ ಹಿಂದೆ ಕಾರ್ ಕಟ್ಟೋಕೆ ಮುಂಚೆ ಒಂದ್ಸಲ ತೂಕ ಹಾಕ್ಸಿ ನೋಡಿ

ಅಮೆರಿಕದಲ್ಲಿರೋ ನಮ್ಮವರಲ್ಲಿ ತುಂಬಾ ಜನ ಈಗ ಸ್ವಂತ ಆರ್‌ವಿ, ಅಂದ್ರೆ ಒಳಗೇ ಮನೆ ಥರ ಇರೋ ಮೋಟರ್‌ಹೋಮ್ ತಗೊಳ್ತಿದಾರೆ. ಊರಿಂದ ಅಪ್ಪ ಅಮ್ಮ ಬಂದಾಗ ಮಕ್ಕಳ ಜೊತೆ ಎಲ್ಲರೂ ಒಟ್ಟಿಗೆ ಸುತ್ತಬಹುದು, ಅಡುಗೆ ನಮ್ದೇ, ಬಾತ್‌ರೂಮ್ ನಮ್ದೇ. ಆದ್ರೆ 31 ಅಡಿ ಗಾಡಿ ತಗೊಂಡು ಎಲ್ಲಾ ಕಡೆ ನುಗ್ಗೋಕಾಗಲ್ಲ. ಗ್ಲೇಸಿಯರ್ ಪಾರ್ಕಿನ ಗೋಯಿಂಗ್ ಟು ದ ಸನ್ ರಸ್ತೇಲಿ ಮೇಲಿನ ಭಾಗಕ್ಕೆ 21 ಅಡಿಗಿಂತ ಉದ್ದ ಇರೋ ಗಾಡೀನ ಬಿಡೋದೇ ಇಲ್ಲ. ಅದಕ್ಕೇ ಹಿಂದೆ ಒಂದು ಸಣ್ಣ ಕಾರ್ ಕಟ್ಕೊಂಡು ಹೋಗಿ, ಆರ್‌ವೀನ ಕ್ಯಾಂಪಲ್ಲಿ ನಿಲ್ಸಿ, ಕಾರಲ್ಲಿ ಸುತ್ತೋದು. ಹಾಗೆ ಹಿಂದೆ ಬರೋ ಕಾರಿಗೆ ಇಲ್ಲಿಯವರು ಟೋಡ್ ಅಂತಾರೆ.

ಕಾರ್ ಕಟ್ಬೇಕು ಅಂದ ತಕ್ಷಣ ಎಲ್ರೂ ಕೇಳೋದು ಒಂದೇ, ಈ ಗಾಡಿ ಎಷ್ಟು ಎಳಿಯತ್ತೆ ಅಂತ. ನಾನೂ ಅದನ್ನೇ ಕೇಳಿದ್ದೆ, ಮಾರೋರು "ಐದು ಸಾವಿರ ಪೌಂಡ್ ಆರಾಮಾಗಿ ಎಳಿಯತ್ತೆ" ಅಂದ್ರು, ನಂಬಿಬಿಟ್ಟೆ. ಮೊದಲು ಕೇಳ್ಬೇಕಾದ ಪ್ರಶ್ನೆ ಬೇರೆ: ಜನ, ನೀರು, ಸಾಮಾನು ಎಲ್ಲಾ ತುಂಬಿದ ಮೇಲೆ ನಮ್ಮ ಆರ್‌ವಿ ತಾನೇ ಎಷ್ಟು ತೂಗತ್ತೆ? ಅದು ಗೊತ್ತಾಗದೆ ಹಿಂದೆ ಎಷ್ಟು ಕಟ್ಟಬಹುದು ಅನ್ನೋದಕ್ಕೆ ಉತ್ತರ ಸಿಗಲ್ಲ.

ಡ್ರೈವರ್ ಬಾಗಿಲ ಹತ್ರ ಸ್ಟಿಕರ್ ಇರತ್ತೆ, ಗಾಡಿ ಜೊತೆ ಮ್ಯಾನುಯಲ್ ಕೊಟ್ಟಿರ್ತಾರೆ, ಅವೆರಡರಲ್ಲಿ ಮೂರು ಅಂಕಿ ಹುಡುಕಿ ಬರ್ಕೊಳ್ಳಿ. ಜಿವಿಡಬ್ಲ್ಯುಆರ್ ಅಂದ್ರೆ ಆರ್‌ವಿ ಒಂದೇ ಎಲ್ಲಾ ತುಂಬ್ಕೊಂಡು ಎಷ್ಟು ತೂಗಬಹುದು ಅನ್ನೋ ಮಿತಿ. ಜಿಎಡಬ್ಲ್ಯುಆರ್ ಅಂದ್ರೆ ಮುಂದಿನ ಆಕ್ಸಲ್ ಎಷ್ಟು ಹೊರಬಹುದು, ಹಿಂದಿನದು ಎಷ್ಟು ಹೊರಬಹುದು ಅಂತ ಬೇರೆ ಬೇರೆ. ಜಿಸಿಡಬ್ಲ್ಯುಆರ್ ಅಂದ್ರೆ ಆರ್‌ವಿ ಮತ್ತು ಹಿಂದಿನ ಕಾರ್ ಎರಡೂ ಸೇರಿ ಎಷ್ಟು. ನಮ್ದು ಫೋರ್ಡ್ ಇ-450 ಚಾಸಿ ಮೇಲೆ ಕಟ್ಟಿರೋ ಕ್ಲಾಸ್ ಸಿ ಗಾಡಿ, ಅಂದ್ರೆ ಮುಂದೆ ವ್ಯಾನಿನ ಮೂತಿ, ಹಿಂದೆ ಮನೆ, ಅದಕ್ಕೆ 14,500 ಪೌಂಡ್, ಮುಂದೆ 5,000, ಹಿಂದೆ 9,600, ಎರಡೂ ಸೇರಿ 22,000. ನಿಮ್ಮ ಗಾಡೀದು ಬೇರೆ ಇರಬಹುದು, ನಿಮ್ಮ ಸ್ಟಿಕರಲ್ಲಿ ಏನಿದೆಯೋ ಅದೇ ಲೆಕ್ಕ.

ಒಳಗಡೆ ಹಳದಿ ಬಣ್ಣದ ಇನ್ನೊಂದು ಸ್ಟಿಕರ್ ಅಂಟಿಸಿರ್ತಾರೆ, ಜನ ಸಾಮಾನು ಎಲ್ಲಾ ಸೇರಿ ಇಷ್ಟಕ್ಕಿಂತ ಹೆಚ್ಚು ಹಾಕಬೇಡಿ ಅಂತ. ನಮ್ಮದರಲ್ಲಿ 1,450 ಪೌಂಡ್. ಓದಿದಾಗ ಬೇಕಾದಷ್ಟಿದೆ ಅನ್ಸತ್ತೆ ಅಲ್ವಾ? ಲೆಕ್ಕ ಹಾಕಿ ನೋಡಿ. ನಾವು ಆರು ಜನ, ಸುಮಾರು 800 ಪೌಂಡ್. ನೀರು ಒಂದು ಗ್ಯಾಲನ್‌ಗೆ 8.3 ಪೌಂಡ್, ನಮ್ಮ ಟ್ಯಾಂಕ್ 45 ಗ್ಯಾಲನ್, ಅಲ್ಲಿಗೆ 375 ಹೋಯ್ತು. ಉಳಿದಿದ್ದು ಬರೀ 275. ಅದರಲ್ಲಿ ಅಕ್ಕಿ ಮೂಟೆ, ಎರಡು ಕುಕ್ಕರ್, ಅಮ್ಮ ಬಿಟ್ಟು ಬರಲ್ಲ ಅನ್ನೋ ದೋಸೆ ಹಿಟ್ಟಿನ ಗ್ರೈಂಡರ್, ಮಡಚೋ ಕುರ್ಚಿಗಳು, ಹಾಸಿಗೆ ಹೊದಿಕೆ, ಟೂಲ್ ಬಾಕ್ಸ್, ಸೈಕಲ್ ಎಲ್ಲಾ ಹಿಡೀಬೇಕು, ಹಿಡಿಯಲ್ಲ. ಅದೇ ಸ್ಟಿಕರಲ್ಲಿ ಇನ್ನೊಂದು ಮಾತೂ ಇರತ್ತೆ, ಹಿಂದೆ ಟ್ರೇಲರ್ ಕಟ್ಟಿದ್ರೆ ಅದರ ಮೂತಿ ಆರ್‌ವಿ ಹಿಂದಿನ ಕೊಂಡಿ, ಅಂದ್ರೆ ಹಿಚ್ ಮೇಲೆ ಒತ್ತೋ ತೂಕಾನೂ ಸಾಮಾನಿನ ಲೆಕ್ಕಕ್ಕೇ ಸೇರತ್ತೆ ಅಂತ, ಇದನ್ನ ಓದಿರೋರು ಕಮ್ಮಿ.

ಕಾಗದದ ಲೆಕ್ಕ ಆಯ್ತು, ಈಗ ವೇಬ್ರಿಡ್ಜ್. ಹೈವೇ ಪಕ್ಕದ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ಬೋರ್ಡ್ ಕಾಣತ್ತೆ, ಆರ್‌ವಿಯವರೂ ತೂಕ ಹಾಕ್ಸಬಹುದು, ದೊಡ್ಡ ಖರ್ಚೇನಲ್ಲ. ಹೋಗುವಾಗ ನಿಜವಾಗ್ಲೂ ಟ್ರಿಪ್‌ಗೆ ಹೊರಟ ಹಾಗೇ ಹೋಗಿ, ಡೀಸೆಲ್ಲೋ ಪೆಟ್ರೋಲೋ ಫುಲ್, ಅಡುಗೆ ಗ್ಯಾಸ್ ಫುಲ್, ಎಲ್ರೂ ಒಳಗೆ ಕೂತಿರ್ಬೇಕು. ಪ್ಲಾಟ್‌ಫಾರ್ಮ್ ಒಂದೇ ತುಂಡಲ್ಲ, ಭಾಗ ಭಾಗ ಇರತ್ತೆ, ಮುಂದಿನ ಚಕ್ರ ಒಂದರ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ, ಕಾರ್ ಕಟ್ಟಿದ್ರೆ ಅದು ಮೂರನೇದರ ಮೇಲೆ ಬರೋ ಹಾಗೆ ನಿಲ್ಸಿ, ಬಟನ್ ಒತ್ತಿ ಮಾತಾಡಿದ್ರೆ ತೂಕ ಹಾಕಿ ಚೀಟಿ ಕೊಡ್ತಾರೆ, ಪ್ರತಿ ಭಾಗದ್ದು ಬೇರೆ ಬೇರೆ ಬರ್ದಿರತ್ತೆ.

ನಮ್ಮ ಮೊದಲ ಚೀಟೀಲಿ ಮುಂದೆ 4,380, ಹಿಂದೆ 9,840, ಒಟ್ಟು 14,220. ಒಟ್ಟು ನೋಡಿದ್ರೆ 14,500ರ ಒಳಗೇ ಇದೆ, ಸರಿ ಇದೆ ಅನ್ನಬಹುದಿತ್ತು. ಆದ್ರೆ ಹಿಂದಿನ ಆಕ್ಸಲ್ 9,600 ದಾಟಿ 240 ಪೌಂಡ್ ಜಾಸ್ತಿ, ಇನ್ನೂ ಕಾರ್ ಕಟ್ಟೇ ಇರಲಿಲ್ಲ ಆಗ. ಆ ಚೀಟಿ ಕೈಯಲ್ಲಿ ಹಿಡ್ಕೊಂಡು ಹಿಂದಿನ ಸೀಟಲ್ಲಿ ಕೂತಿದ್ದ ಮಕ್ಕಳನ್ನ ನೋಡಿದಾಗ ಹೊಟ್ಟೆಯಲ್ಲಿ ಒಂಥರಾ ಆಯ್ತು, ಅದಕ್ಕೂ ಮುಂಚೆ ಎರಡು ಟ್ರಿಪ್ ಹಾಗೇ ಓಡಿಸಿದ್ವಿ.

ನಮ್ಮ ನೀರಿನ ಟ್ಯಾಂಕ್ ಹಿಂದಿನ ಮಂಚದ ಕೆಳಗೆ, ಸೈಕಲ್ ರ‍್ಯಾಕ್ ಅದಕ್ಕೂ ಹಿಂದೆ, ಎರಡೂ ಹಿಂದಿನ ಆಕ್ಸಲ್‌ಗಿಂತ ಆಚೆ. 30 ಗ್ಯಾಲನ್ ನೀರು ಬಿಟ್ವಿ, ಅಂದ್ರೆ ಸುಮಾರು 250 ಪೌಂಡ್, ಸೈಕಲ್ ರ‍್ಯಾಕ್ ಸಮೇತ 90 ಪೌಂಡ್ ಇಳಿಸಿದ್ವಿ, ಮತ್ತೆ ತೂಕ ಹಾಕ್ಸಿದ್ವಿ. ಮುಂದೆ 4,520, ಹಿಂದೆ 9,360. ಇಳಿಸಿದ್ದು 340 ಪೌಂಡ್, ಆದ್ರೆ ಹಿಂದೆ ಕಮ್ಮಿ ಆಗಿದ್ದು 480, ಮುಂದೆ 140 ಜಾಸ್ತಿ ಆಯ್ತು! ಎತ್ತಿನ ಗಾಡೀಲಿ ಕಬ್ಬು ಹೇರೋದನ್ನ ನೋಡಿರೋರಿಗೆ ಇದು ತಟ್ಟಂತ ಅರ್ಥ ಆಗತ್ತೆ. ಮಂಡ್ಯ ಕಡೆ ನಮ್ಮ ಚಿಕ್ಕಪ್ಪ ಹೇರು ಮುಗಿದ ಮೇಲೆ ನೊಗ ಎತ್ತಿ ನೋಡೋರು, ಹಿಂಭಾರ ಆಗಿದ್ರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯೋದು, ಆಗ ನಾಲ್ಕು ಹೊರೆ ತೆಗೆದು ಮುಂದಕ್ಕೆ ಹಾಕೋರು. ಇಲ್ಲೂ ಅದೇ. ಆಕ್ಸಲ್‌ನಿಂದ ಆಚೆ ನೇತಾಡೋ ತೂಕ ಹಿಂದಿನ ಚಕ್ರಕ್ಕೆ ತನಗಿಂತ ಜಾಸ್ತಿ ಭಾರ ಕೊಡತ್ತೆ, ಮುಂದಿನ ಚಕ್ರದ ಭಾರ ಕಿತ್ಕೊಳ್ಳತ್ತೆ. ಮುಂದೆ ಹಗುರ ಆದ್ರೆ ಸ್ಟೀರಿಂಗ್ ಹಿಡಿತ ಹೋಗತ್ತೆ, ಗಾಳಿಗೆ ಗಾಡಿ ಅಲ್ಲಾಡತ್ತೆ.

ಈಗ ಕಾರಿನ ಲೆಕ್ಕ. 22,000ದಲ್ಲಿ ನಮ್ಮ ನಿಜವಾದ ತೂಕ 13,880 ಕಳೆದ್ರೆ 8,120 ಉಳಿಯತ್ತೆ. ಹಾಗಂತ ಎಂಟು ಸಾವಿರ ಪೌಂಡ್ ಕಟ್ಟೋ ಹಾಗಿಲ್ಲ, ಯಾಕಂದ್ರೆ ನಮ್ಮ ಹಿಚ್ ಮೇಲೆ 5,000 ಅಂತ ಬರ್ದಿದೆ. ಕಾರನ್ನ ಹಿಚ್‌ಗೆ ಸೇರಿಸೋ ಟೋ ಬಾರ್, ಕಾರಿನ ಮುಂದೆ ಕೂರ್ಸೋ ಬೇಸ್ ಪ್ಲೇಟ್, ಎತ್ತರ ಸರಿ ಮಾಡೋಕೆ ಹಾಕೋ ಡ್ರಾಪ್ ರಿಸೀವರ್, ಪ್ರತಿಯೊಂದಕ್ಕೂ ಅದರದ್ದೇ ಮಿತಿ ಇರತ್ತೆ, ಎಲ್ಲದರಲ್ಲೂ ಚಿಕ್ಕದು ಯಾವುದೋ ಅದೇ ನಮ್ಮ ಮಿತಿ. ಹಿಚ್ ಅಂಕಿ ಒಂದನ್ನೇ ನಂಬಿದ್ರೂ ಕಷ್ಟ. ಫೋರ್ಡ್‌ನ ಹಳೇ ಎಫ್-53 ಚಾಸಿಯ ಕೆಲವು ಕ್ಲಾಸ್ ಎ, ಅಂದ್ರೆ ಬಸ್ಸಿನಂಥ ಗಾಡಿಗಳಿಗೆ ಆರ್‌ವಿ ಒಂದಕ್ಕೇ 22,000, ಕಾರೂ ಸೇರಿ 26,000 ಮಿತಿ. ಅದು ತುಂಬ್ಕೊಂಡು 21,800 ತೂಗಿದ್ರೆ ಕಾರಿಗೆ ಉಳಿಯೋದು 4,200 ಅಷ್ಟೇ, ಹಿಚ್ ಮೇಲೆ 5,000 ಅಂತ ಬರ್ದಿದ್ರೂ ಕೂಡ. ನಾಲ್ಕು ಬಾಗಿಲಿನ ಜೀಪ್ ರ‍್ಯಾಂಗ್ಲರ್ ಎಷ್ಟೋ ಮಾಡೆಲ್‌ಗಳು ಆ 4,200 ದಾಟ್ತವೆ. ನಮ್ಮ ರ‍್ಯಾಂಗ್ಲರ್ 4,450, ಆರ್‌ವಿಯಿಂದ ಇಳಿಸಿದ ಸೈಕಲ್ ಅದರೊಳಗೆ ಹಾಕಿದ್ರೆ 4,540, ಐದು ಸಾವಿರದ ಒಳಗೇ ಇದೆ.

ಎಲ್ಲಾ ಕಾರನ್ನೂ ನಾಲ್ಕು ಚಕ್ರ ನೆಲದ ಮೇಲಿಟ್ಟು ಎಳೆಯೋಕಾಗಲ್ಲ, ಇದನ್ನ ದಯವಿಟ್ಟು ಗಮನ ಇಟ್ಟು ನೋಡಿ. ಎಂಜಿನ್ ಆಫ್ ಇದ್ದಾಗ ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ಆಯಿಲ್ ಓಡಾಡಲ್ಲ, ಚಕ್ರ ತಿರುಗ್ತಾ ಇದ್ರೆ ಒಳಗೆ ಸುಟ್ಟು ಹೋಗತ್ತೆ. ಹೋಂಡಾ ಸಿಆರ್-ವಿ 2014ರ ಮಾಡೆಲ್ ತನಕ ಎಳೀಬಹುದಿತ್ತು, 2015ರಲ್ಲಿ ಸಿವಿಟಿ ಅನ್ನೋ ಬೇರೆ ಥರದ ಗೇರ್‌ಬಾಕ್ಸ್ ಬಂದ ಮೇಲೆ ಆಗಲ್ಲ. ಟೆಸ್ಲಾನೂ ಆಗಲ್ಲ. ಕಾರಿನ ಮ್ಯಾನುಯಲ್ಲಲ್ಲಿ ರಿಕ್ರಿಯೇಷನಲ್ ಟೋಯಿಂಗ್ ಅನ್ನೋ ಭಾಗ ಇರತ್ತೆ, ಆ ವರ್ಷದ ಆ ಮಾಡೆಲ್‌ಗೆ ಅಲ್ಲಿ ಏನು ಹೇಳಿದೆಯೋ ಅದೇ ಕೊನೆ ಮಾತು, ಪಕ್ಕದ ಕ್ಯಾಂಪಿನವರು ಎಳೀತಾರೆ ಅನ್ನೋದಲ್ಲ. ಮುಂದಿನ ಎರಡು ಚಕ್ರ ಎತ್ತೋ ಡಾಲಿ ಹಾಕೋದಾದ್ರೆ ಡಾಲಿಯ ತೂಕಾನೂ ಕೂಡಿಸ್ಕೊಳ್ಳಿ.

ಬ್ರೇಕ್ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡ್ತೀನಿ. ಫೋರ್ಡ್‌ನವರೇ ಬರೆದಿದಾರೆ, ಆರ್‌ವಿಯ ಬ್ರೇಕ್ ಮಾಡಿರೋದು ಅದರ ಸ್ವಂತ ತೂಕದ ಮಿತಿಗೆ, ಎರಡೂ ಸೇರಿದ ತೂಕಕ್ಕಲ್ಲ ಅಂತ. ಅಂದ್ರೆ ಆ 22,000 ಎಳೆಯೋಕೆ, ನಿಲ್ಸೋಕಲ್ಲ. ಹಿಂದಿನ ಕಾರಿಗೆ ಬೇರೆ ಬ್ರೇಕ್ ಬೇಕೇ ಬೇಕು, ಕಾರಿನ ಬ್ರೇಕ್ ಪೆಡಲ್ ಒತ್ತೋ ಯಂತ್ರ ಸಿಗತ್ತೆ, ಜೊತೆಗೆ ಬ್ರೇಕ್‌ಅವೇ ಸ್ವಿಚ್, ಕಾರ್ ಕಳಚ್ಕೊಂಡ್ರೆ ತಾನೇ ಬ್ರೇಕ್ ಹಿಡಿಯೋದು. ಎಷ್ಟು ತೂಕದ ಮೇಲೆ ಬ್ರೇಕ್ ಕಡ್ಡಾಯ ಅನ್ನೋದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ, ನಾನಂತೂ ಕಾನೂನು ಹುಡುಕ್ತಾ ಕೂರಬೇಡಿ, ಹಾಕಿಸಿಬಿಡಿ ಅಂತೀನಿ.

ಕಟ್ಟುವಾಗ ಟೋ ಬಾರ್ ಹೆಚ್ಚುಕಮ್ಮಿ ಮಟ್ಟವಾಗಿರ್ಬೇಕು, ಹಿಚ್‌ಗೂ ಬೇಸ್ ಪ್ಲೇಟ್‌ಗೂ ಮೂರು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇರ್ಬಾರ್ದು, ಇಳಿಜಾರಾಗಿದ್ರೆ ಜೋರಾಗಿ ಬ್ರೇಕ್ ಹಾಕಿದಾಗ ಕಾರ್ ಆರ್‌ವಿ ಮೇಲೆ ಹತ್ತೋಕೆ ನೋಡತ್ತೆ. ಸೇಫ್ಟಿ ಕೇಬಲ್ ಎರಡನ್ನೂ ಟೋ ಬಾರ್ ಕೆಳಗೆ ಕತ್ತರಿ ಹಾಕಿ ಕಟ್ಟಿ. ರ‍್ಯಾಂಗ್ಲರ್ ಆದ್ರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋ ಡಬ್ಬಿ) ನ್ಯೂಟ್ರಲ್‌ಗೆ ಹಾಕಿದ ಮೇಲೆ ಎಂಜಿನ್ ಆನ್ ಇರುವಾಗ್ಲೇ ಗೇರ್ ಹಾಕಿ ನೋಡಿ, ಕಾರ್ ಒಂದಿಂಚೂ ಅಲ್ಲಾಡ್ಬಾರ್ದು. ಆಮೇಲೆ ಗೇರ್ ಯಾವುದರಲ್ಲಿ ಬಿಡ್ಬೇಕು, ಕೀ ಹೇಗಿರ್ಬೇಕು ಅನ್ನೋದನ್ನ ಮ್ಯಾನುಯಲ್ಲಲ್ಲಿರೋ ಕ್ರಮದಲ್ಲೇ ಮಾಡಿ. ಹ್ಯಾಂಡ್‌ಬ್ರೇಕ್ ಬಿಟ್ಟಿದೀವಾ ಅಂತ ಎರಡು ಸಲ ನೋಡಿ, ಲೈಟ್ ಟೆಸ್ಟ್ ಮಾಡಿ. ಹತ್ತು ಮೈಲಿ ಹೋದ್ಮೇಲೆ ನಿಲ್ಸಿ, ಪಿನ್‌ಗಳು ಗಟ್ಟಿಯಾಗಿವೆಯಾ ನೋಡಿ, ಕಾರಿನ ನಾಲ್ಕೂ ಚಕ್ರದ ಹತ್ರ ಕೈ ಒಡ್ಡಿ ಬಿಸಿ ನೋಡಿ, ಯಾವುದಾದ್ರೂ ಒಂದು ಸುಡ್ತಾ ಇದ್ರೆ ಬ್ರೇಕ್ ಹಿಡ್ಕೊಂಡಿದೆ ಅಂತ. ಹಿಂದಿನ ಕಾರ್ ಟಯರ್ ಪಂಕ್ಚರ್ ಆದ್ರೆ ಡ್ರೈವರ್ ಸೀಟಲ್ಲಿ ಗೊತ್ತೇ ಆಗಲ್ಲ, ಅದಕ್ಕೇ ಟಯರ್ ಪ್ರೆಷರ್ ಸೆನ್ಸರ್ ಹಾಕಿಸ್ಕೊಳ್ಳಿ.

ಕ್ಯಾಲಿಫೋರ್ನಿಯಾದಲ್ಲಿ ಏನಾದ್ರೂ ಎಳ್ಕೊಂಡು ಹೋಗುವಾಗ 55 ಮೈಲಿ ವೇಗಾನೇ ಮಿತಿ. ಲಾಸ್ ಏಂಜಲೀಸ್ ಕಡೆಯಿಂದ ಐ-5ರಲ್ಲಿ ಬರ್ತಾ ಗ್ರೇಪ್‌ವೈನ್ ಇಳಿಜಾರು ಸಿಗತ್ತಲ್ಲ, ಅಂಥ ಕಡೆ ಇಳಿಯೋಕೆ ಶುರು ಮಾಡೋ ಮುಂಚೇನೇ ಭಾರ ಎಳೆಯುವಾಗ ಬಳಸೋ ಟೋ ಹಾಲ್ ಬಟನ್ ಒತ್ತಿ ಕೆಳಗಿನ ಗೇರ್‌ಗೆ ಬನ್ನಿ. ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇಳೀಬೇಡಿ, ಒಂದ್ಸಲ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಡಿ, ಮತ್ತೆ ಬೇಕಾದಾಗ ಒತ್ತಿ. ಹತ್ತುವಾಗ ಎತ್ತರ ಜಾಸ್ತಿ ಆದಷ್ಟೂ ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ ಶಕ್ತಿ ಕಳ್ಕೊಳ್ಳತ್ತೆ, ಸಾವಿರ ಅಡಿಗೆ ಸುಮಾರು ಮೂರು ಪರ್ಸೆಂಟ್, ಆದ್ರಿಂದ ಕೊಲೊರಾಡೊ ಕಡೆ ಹೋಗೋರು ಮಿತಿಯ ಅಂಚಿಗೆ ತುಂಬಬೇಡಿ.

ರಿವರ್ಸ್ ಮಾತ್ರ ಮಾಡ್ಬೇಡಿ. ಟೋ ಬಾರಲ್ಲಿ ಕಟ್ಟಿದ ಕಾರನ್ನ ಹಿಂದಕ್ಕೆ ತಳ್ಳಿದ್ರೆ ಅದರ ಮುಂದಿನ ಚಕ್ರ ಒಂದು ಕಡೆಗೆ ಪೂರ್ತಿ ತಿರುಗಿಬಿಡತ್ತೆ, ಬಾರ್ ಬಗ್ಗಿ ಹೋಗತ್ತೆ. ಪೆಟ್ರೋಲ್ ಬಂಕಲ್ಲಿ ಸಿಕ್ಕಾಕೊಂಡ್ರೆ ಹಿಂದೆ ಹತ್ತು ಗಾಡಿ ಹಾರನ್ ಹೊಡೀತಿದ್ರೂ ಪರವಾಗಿಲ್ಲ, ಇಳಿದು ಕಾರ್ ಬಿಚ್ಚಿ, ಆರ್‌ವಿ ತಿರುಗಿಸಿ, ಮತ್ತೆ ಕಟ್ಟಿ. ಕೈ ಪಳಗಿದ್ರೆ ಐದು ನಿಮಿಷದ ಕೆಲಸ.