ಎಸಿ ಬಿಲ್ ಇಳಿದದ್ದು ಹೊರಗಿನ ಯೂನಿಟ್ ಸರಿಮಾಡಿದ ಮೇಲೆ

ಕಲಬುರಗಿಯ ಮೇ ಬಿಸಿಲು, ಒಂದೂವರೆ ಟನ್ ಇನ್ವರ್ಟರ್ ಎಸಿ (ರೂಮ್ ತಣ್ಣಗಾದಂತೆ ಕಂಪ್ರೆಸರ್ ವೇಗವನ್ನು ತಾನೇ ತಗ್ಗಿಸುವಂಥದ್ದು). ರಾತ್ರಿಯಿಡೀ ಓಡಿದರೂ ರೂಮ್ ತಣ್ಣಗಾಗುತ್ತಿರಲಿಲ್ಲ, ಕಂಪ್ರೆಸರ್ ವೇಗ ತಗ್ಗುತ್ತಿರಲಿಲ್ಲ. ಬಿಲ್ ಮಾತ್ರ ಏರುತ್ತಿತ್ತು.

ಗ್ಯಾಸ್ ಚೆಕ್ ಮಾಡಿಸಿದೆ, ಸರಿಯಾಗೇ ಇತ್ತು. ಸ್ಟೆಬಿಲೈಜರ್ ಬದಲಿಸಿದರೂ ಅಷ್ಟೇ. 18 ಡಿಗ್ರಿಗೆ ಇಟ್ಟರೆ ಕಂಪ್ರೆಸರ್ ಸುಮ್ನೆ ಜಾಸ್ತಿ ಹೊತ್ತು ಓಡುತ್ತದೆ.

ಕೆಲಸ ಮಾಡಿದ್ದು ಇದು. ಮೊದಲು ಎಸಿಯ ಎಂಸಿಬಿ (ಕರೆಂಟ್ ಬೋರ್ಡಿನಲ್ಲಿರುವ ಸ್ವಿಚ್) ಆಫ್ ಮಾಡಿ. ಒಳಗಿನ ಫಿಲ್ಟರ್ ತೊಳೆದು ನೆರಳಲ್ಲಿ ಒಣಗಿಸಿ. ಆಮೇಲೆ ಹೊರಗಿನ ಯೂನಿಟ್‌ನ ಕಾಯಿಲ್ ಮೇಲಿನ ಧೂಳನ್ನು ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಪ್ರೆಶರ್ ಬೇಡ, ಕಾಯಿಲ್ ಮೇಲಿನ ತೆಳು ಲೋಹದ ರೆಕ್ಕೆಗಳು ಬಾಗುತ್ತವೆ. ನಮ್ಮಲ್ಲಿ ಯೂನಿಟ್ ಎದುರಿಗೇ ತಗಡಿನ ಮರೆ ಇತ್ತು. ಹೊರಬಂದ ಬಿಸಿಗಾಳಿ ಅದಕ್ಕೆ ಬಡಿದು ವಾಪಸ್ ಯೂನಿಟ್‌ಗೇ ಹೋಗುತ್ತಿತ್ತು. ಅದನ್ನು ತೆಗೆಸಿದ್ದರಿಂದಲೇ ದೊಡ್ಡ ವ್ಯತ್ಯಾಸ ಬಂತು.

ಈಗಿನ ಸೆಟ್ಟಿಂಗ್: ಕೂಲ್ ಮೋಡ್, 26 ಡಿಗ್ರಿ, ಸೀಲಿಂಗ್ ಫ್ಯಾನ್ ಸಣ್ಣಗೆ. ಮಲಗುವಾಗ, ಎದ್ದಾಗ ಮೀಟರ್ ರೀಡಿಂಗ್ ಬರೆದಿಡಿ, ವ್ಯತ್ಯಾಸ ಅಲ್ಲೇ ಕಾಣುತ್ತದೆ.